ನೀವು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಅಕ್ಕಿ ನೆನೆದಿರುತ್ತದೆ: ಗಂಡ ಹೆಂಡತಿ ಇಬ್ಬರೇ ಇರುವ ಮನೆಗೊಂದು ವಾರಾಂತ್ಯ

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಶನಿವಾರ ಕೈತಪ್ಪಿ ಹೋಗುವುದು ಬೆಳಿಗ್ಗೆ ಒಂಬತ್ತೂವರೆಗೆ, "ಎಲ್ಲಿಗಾದರೂ ಹೋಗೋಣ್ವಾ?" ಎಂದು ಒಬ್ಬರು ಕೇಳಿದಾಗ. ಆ ಹೊತ್ತಿಗೆ ಬಿಸಿಲೇರಿರುತ್ತದೆ, ಊರು ದಾಟುವ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿರುತ್ತವೆ, ವಾರದ ತಿಂಡಿಗೆ ಹಿಟ್ಟು ರುಬ್ಬುವ ಕೆಲಸವೂ ಹಾಗೇ ಬಿದ್ದಿರುತ್ತದೆ. ತಿರುಗಾಟ ಮತ್ತು ಮನೆಗೆಲಸ ಎರಡನ್ನೂ ಒಂದೇ ಗಡಿಯಾರಕ್ಕೆ ಹೊಂದಿಸಿದರೆ ಎರಡೂ ಆಗುತ್ತವೆ. ಅಕ್ಕಿ ನೆನೆಯಲು ನೀವು ಮನೆಯಲ್ಲಿರಬೇಕಿಲ್ಲ, ಹಿಟ್ಟು ಹುಳಿ ಬರಲು ನೀವು ಎದ್ದಿರಬೇಕಿಲ್ಲ. ಬೆಂಗಳೂರಿನಲ್ಲಿರುವ ಇಬ್ಬರು ದ್ವಿಚಕ್ರ ವಾಹನದಲ್ಲಿ ಶಿವಗಂಗೆ ಬೆಟ್ಟಕ್ಕೆ ಹೋಗಿ ಬಂದು, ಅದೇ ಸಂಜೆ ವಾರಕ್ಕಾಗುವಷ್ಟು ಹಿಟ್ಟು ರುಬ್ಬಿ, ಭಾನುವಾರ ಬಾಲ್ಕನಿಯಲ್ಲಿ ಮೆಂತ್ಯ ಸೊಪ್ಪು ಬಿತ್ತುವ ಲೆಕ್ಕವನ್ನು ಇಲ್ಲಿ ಬರೆದಿದ್ದೇವೆ. ಊರು ಬೇರೆಯಾದರೆ ಬೆಟ್ಟ ಬದಲಾಗುತ್ತದೆ, ಲೆಕ್ಕ ಇದೇ.

ಶುಕ್ರವಾರ ರಾತ್ರಿ, ನಲವತ್ತು ನಿಮಿಷ

ಮೊದಲು ಕೆಲಸ ಹಂಚಿಕೊಳ್ಳಿ. ಅರ್ಧ ನೀನು, ಅರ್ಧ ನಾನು ಎಂಬ ಹಂಚಿಕೆ ಬೇಡ. ಹಿಟ್ಟಿನ ಕೆಲಸ ಒಬ್ಬರದು ಎಂದರೆ ಡಬ್ಬಿಯಲ್ಲಿ ಉದ್ದಿದೆಯೇ ಎಂದು ನೋಡುವುದರಿಂದ ಹಿಡಿದು ಗ್ರೈಂಡರ್ ತೊಳೆದಿಡುವವರೆಗೆ ಪೂರ್ತಿ ಅವರದೇ. ಬೆಟ್ಟದ ಕೆಲಸ ಇನ್ನೊಬ್ಬರದು ಎಂದರೆ ಪೆಟ್ರೋಲು, ಗಾಳಿ, ದಾರಿ, ಬ್ಯಾಗು ಎಲ್ಲವೂ ಅವರ ತಲೆಯ ಮೇಲೆ. "ಹೇಳಿದ್ದರೆ ಸಹಾಯ ಮಾಡ್ತಿದ್ದೆ" ಎಂಬ ಮಾತಿನಿಂದ ಶುರುವಾಗುವ ಜಗಳಗಳೆಲ್ಲ ನೆನಪಿಟ್ಟುಕೊಳ್ಳುವ ಭಾರ ಒಬ್ಬರ ಮೇಲೇ ಬಿದ್ದಾಗ ಹುಟ್ಟುವಂಥವು. ಮುಂದಿನ ವಾರ ಅದಲು ಬದಲು ಮಾಡಿಕೊಳ್ಳಿ, ಇಬ್ಬರಿಗೂ ಎರಡೂ ಕೆಲಸ ಬರಬೇಕು.

ಗಾಡಿ ನೋಡುವವರು ಟೈರಿನ ಗಾಳಿಯಿಂದ ಶುರು ಮಾಡಲಿ. ಒಬ್ಬರೇ ಓಡಿಸುವಾಗಿನ ಗಾಳಿ ಇಬ್ಬರು ಕೂತಾಗ ಸಾಲುವುದಿಲ್ಲ. ಸಾಮಾನ್ಯ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ಒಬ್ಬರಿಗೆ 28-29 ಪಿಎಸ್‌ಐ ಇದ್ದರೆ ಇಬ್ಬರಿಗೆ 32ರಿಂದ 36ರವರೆಗೆ ಬೇಕಾಗುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. ಟೈರು ತಣ್ಣಗಿದ್ದಾಗಲೇ ಅಳೆಯಬೇಕು, ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ. ಗಾಳಿ ಕಡಿಮೆಯಿದ್ದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಓಲಾಡಿದಂತಾಗುತ್ತದೆ, ಗುಂಡಿಗೆ ಬಿದ್ದರೆ ರಿಮ್ಮೇ ಹೋಗಿ ಬಡಿಯುತ್ತದೆ. ಆಮೇಲೆ ಚೈನು. ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಎರಡೂವರೆ, ಮೂರು ಸೆಂಟಿಮೀಟರ್ ಆಡಬೇಕು. ಅದಕ್ಕಿಂತ ಸಡಿಲವಿದ್ದರೆ ಬಿಗಿ ಮಾಡಿಸಿ. ತೀರಾ ಬಿಗಿಯಾಗಿದ್ದರೂ ತಪ್ಪೇ, ಇಬ್ಬರ ಭಾರಕ್ಕೆ ಹಿಂದಿನ ಭಾಗ ಕೆಳಗಿಳಿದಾಗ ಚೈನು ಇನ್ನಷ್ಟು ಜಗ್ಗುತ್ತದೆ. ಹೆಲ್ಮೆಟ್ ಇಬ್ಬರಿಗೂ ಬೇಕು, ಪಟ್ಟಿ ಹಾಕಿಯೇ ಇರಬೇಕು.

ಬ್ಯಾಗಿಗೆ ತಲಾ ಒಂದೂವರೆ ಲೀಟರ್ ನೀರು, ಬಾಳೆಹಣ್ಣು, ಕಡಲೆ ಚಿಕ್ಕಿ, ಟಾರ್ಚು, ಬ್ಯಾಂಡೇಜು, ಒಂದು ಜೊತೆ ಒಣ ಕಾಲುಚೀಲ, ಚಿಲ್ಲರೆ ಹಣ. ಕೈಯಲ್ಲಿ ಹಿಡಿಯುವ ಚೀಲ ಒಂದೂ ಇರಬಾರದು. ಯಾಕೆಂದು ಬೆಟ್ಟದ ಮಂಗಗಳು ತೋರಿಸಿಕೊಡುತ್ತವೆ.

ಬುತ್ತಿಗೆ ಗೊಜ್ಜವಲಕ್ಕಿಗಿಂತ ಒಳ್ಳೆಯದಿಲ್ಲ. ರಾತ್ರಿಯೇ ಮಾಡಿಟ್ಟ ಅನ್ನ ಬೇಸಿಗೆಯಲ್ಲಿ ಕೆಡುವ ಭಯವಿರುತ್ತದೆ, ಗೊಜ್ಜವಲಕ್ಕಿಯನ್ನು ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಮಾಡಬಹುದು. ಒಂದೂವರೆ ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಎರಡು ಮೂರು ಸಲ ತಿರುಗಿಸಿ ಚಿರೋಟಿ ರವೆಗಿಂತ ದಪ್ಪಗೆ, ಉಪ್ಪಿಟ್ಟಿನ ರವೆಯ ಹದಕ್ಕೆ ತನ್ನಿ. ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣನ್ನು ನೆನೆಸಿ ಹಿಂಡಿ ಒಂದು ಲೋಟ ರಸ ಮಾಡಿ, ಎರಡು ಚಮಚ ಬೆಲ್ಲ, ಎರಡು ಚಮಚ ಸಾರಿನ ಪುಡಿ, ಮುಕ್ಕಾಲು ಚಮಚ ಉಪ್ಪು ಕಲಸಿ ಫ್ರಿಜ್ಜಿನಲ್ಲಿಡಿ. ಇಷ್ಟು ಶುಕ್ರವಾರದ ಕೆಲಸ. ಶನಿವಾರ ಎದ್ದ ಕೂಡಲೇ ರಸಕ್ಕೆ ಅವಲಕ್ಕಿ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಟ್ಟು, ಸಾಸಿವೆ, ಕಡಲೆಬೇಳೆ, ಶೇಂಗಾ, ಕರಿಬೇವು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಯಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಕೆದಕಿ, ಒಣಕೊಬ್ಬರಿ ತುರಿ ಉದುರಿಸಿದರೆ ಆಯಿತು. ಹಸಿ ತೆಂಗಿನಕಾಯಿ ಬೇಡ, ಬಿಸಿಲಿಗೆ ಬೇಗ ಹಳಸುತ್ತದೆ. ಅವಲಕ್ಕಿ ಮುದ್ದೆಯಾಯಿತು ಎಂದರೆ ತೆಳು ಅವಲಕ್ಕಿ ಬಳಸಿದ್ದೀರಿ, ಇಲ್ಲವೇ ತೀರಾ ನುಣ್ಣಗೆ ಪುಡಿ ಮಾಡಿದ್ದೀರಿ.

ಶನಿವಾರ, ಬೆಳಗಿನ ನಾಲ್ಕೂಕಾಲು

ಅವಲಕ್ಕಿ ನೆನೆಯುತ್ತಿರುವ ಹೊತ್ತಿಗೆ ಹಿಟ್ಟಿನವರು ಮೂರು ಲೋಟ ಇಡ್ಲಿ ಅಕ್ಕಿಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿಡಲಿ. ಲೋಟ ಯಾವುದಾದರೂ ಆಗಲಿ, ಎಲ್ಲಕ್ಕೂ ಅದೇ ಲೋಟ. ಇಲ್ಲಿ 200 ಮಿಲಿಲೀಟರಿನ ಲೋಟವೆಂದು ಇಟ್ಟುಕೊಂಡಿದ್ದೇವೆ. ಉದ್ದನ್ನು ಮಾತ್ರ ಈಗ ನೆನೆಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಅಕ್ಕಿ ಎಂಟು ಹತ್ತು ಗಂಟೆ ನೆನೆದರೆ ಏನೂ ಆಗುವುದಿಲ್ಲ. ಉದ್ದಿಗೆ ಮೂರು ನಾಲ್ಕು ಗಂಟೆ ಸಾಕು, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚಾದರೆ ನೀರು ನೊರೆ ಕಟ್ಟಿ ವಾಸನೆ ಹಿಡಿಯುತ್ತದೆ, ರುಬ್ಬಿದರೆ ಉಬ್ಬುವುದಿಲ್ಲ.

ಐದಕ್ಕೆ ಹೊರಟರೆ ತುಮಕೂರು ರಸ್ತೆ ಖಾಲಿ ಇರುತ್ತದೆ. ನೆಲಮಂಗಲ ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಕೆಲವೇ ಕಿಲೋಮೀಟರಿನಲ್ಲಿ ಶಿವಗಂಗೆ. ಬೆಂಗಳೂರಿನ ನಡುವಿನಿಂದ ಒಟ್ಟು ಐವತ್ತು ಐವತ್ತೈದು ಕಿಲೋಮೀಟರ್ ಲೆಕ್ಕ. ಗಾಡಿಯಿಲ್ಲದವರು ತುಮಕೂರಿನ ಕಡೆಯ ಬಸ್ಸಿನಲ್ಲಿ ಬಂದು ದಾಬಸ್‌ಪೇಟೆಯಲ್ಲಿ ಇಳಿದರೆ ಆಟೊ ಸಿಗುತ್ತದೆ. ಹಿಂದೆ ಕೂತವರ ಬೆನ್ನಿಗೆ ಬ್ಯಾಗು ಹಾಕುವುದಾದರೆ ಅದರ ತಳ ಸೀಟಿನ ಮೇಲೆ ಕೂರುವಷ್ಟು ಪಟ್ಟಿ ಉದ್ದ ಬಿಡಿ. ಭುಜದಿಂದ ನೇತಾಡುವ ಬ್ಯಾಗು ಪ್ರತಿ ಬ್ರೇಕಿಗೂ ಮುಂದಕ್ಕೆ ನೂಕುತ್ತದೆ, ಗಂಟೆಯೊಳಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ದುಪಟ್ಟಾ, ಸೆರಗು, ಜರ್ಕಿನ್ನಿನ ದಾರ ಎಲ್ಲವನ್ನೂ ಒಳಗೆ ಸಿಕ್ಕಿಸಿ.

ಬುತ್ತಿಯ ಅರ್ಧವನ್ನು ದಾಬಸ್‌ಪೇಟೆಯ ಚಹದಂಗಡಿಯ ಹತ್ತಿರವೇ ತಿಂದುಬಿಡಿ. ಬೆಟ್ಟದ ಮೆಟ್ಟಿಲ ಮೇಲೆ ಡಬ್ಬಿ ತೆರೆಯುವ ಯೋಚನೆ ಬೇಡ. ಅಲ್ಲಿನ ಮಂಗಗಳು ಪ್ಲಾಸ್ಟಿಕ್ಕಿನ ಸರಸರ ಸದ್ದನ್ನು ದೂರದಿಂದಲೇ ಹಿಡಿಯುತ್ತವೆ. ಒಂದು ಹತ್ತಿರ ಬಂದರೆ ಓಡಬೇಡಿ, ನಗಬೇಡಿ (ಹಲ್ಲು ಕಾಣಿಸುವುದು ಅವಕ್ಕೆ ಬೆದರಿಕೆಯಂತೆ ಕಾಣುತ್ತದೆ), ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಬೆಟ್ಟ ಹತ್ತಲು ಒಂದೂವರೆಯಿಂದ ಎರಡು ಗಂಟೆ. ಮೊದಲ ಭಾಗ ಸಲೀಸು ಮೆಟ್ಟಿಲು, ಗಂಗಾಧರೇಶ್ವರ ದೇವಾಲಯದವರೆಗೆ ಯಾರಿಗೂ ಕಷ್ಟವಿಲ್ಲ. ಇಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆಯಿಂದ ಜನ ತುಪ್ಪ ಹಿಡಿದುಕೊಂಡೇ ಬರುತ್ತಾರೆ. ಅಲ್ಲಿಂದ ಮೇಲೆ ಬಂಡೆಯಲ್ಲೇ ಕೊರೆದ ಮೆಟ್ಟಿಲು, ಕಡಿದಾದ ಕಡೆ ಕಬ್ಬಿಣದ ಕಂಬಿ. ಒಳಕಲ್ಲು ತೀರ್ಥದ ಗುಹೆ ಸಣ್ಣದು, ಬಗ್ಗಿ ಒಬ್ಬೊಬ್ಬರೇ ಹೋಗಬೇಕು, ನೆಲ ಒದ್ದೆ. ಕಲ್ಲಿನ ಕುಳಿಗೆ ಕೈ ಹಾಕಿ ನೀರು ಸಿಕ್ಕರೆ ಅದೃಷ್ಟವಂತರು ಎಂಬ ನಂಬಿಕೆ ಬೇರೆ ಇರುವುದರಿಂದ ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ. ಒಬ್ಬರು ಬ್ಯಾಗು ಹಿಡಿದು ಹೊರಗೆ ನಿಂತಿರಿ.

ಜೋಡಿಯಾಗಿ ಹತ್ತುವವರು ನೆನಪಿಡಬೇಕಾದ್ದು ನಿಧಾನದವರು ಮುಂದೆ, ಜೋರಿನವರು ಹಿಂದೆ. ಇದು ತಿರುವುಮುರುವಾದರೆ ಮುಂದಿನವರು ಹೋಗಿ ನಿಂತು ದಣಿವಾರಿಸಿಕೊಳ್ಳುತ್ತಾರೆ, ಹಿಂದಿನವರು ಏದುಸಿರು ಬಿಡುತ್ತ ಬಂದು ತಲುಪುವ ಹೊತ್ತಿಗೆ "ನಡಿ" ಎಂದು ಹೊರಟುಬಿಡುತ್ತಾರೆ. ನಿಧಾನದವರಿಗೆ ಕಡೆತನಕ ವಿಶ್ರಾಂತಿಯೇ ಸಿಗುವುದಿಲ್ಲ, ಬೆಟ್ಟದ ಸಹವಾಸವೇ ಬೇಡವೆನಿಸುವುದು ಹೀಗೆ. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗದಲ್ಲೇ ಹತ್ತಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಮೂರು ನಿಮಿಷ ನಿಂತು ಎರಡೆರಡು ಗುಟುಕು ನೀರು ಕುಡಿಯಿರಿ.

ಮೇಲೆ ಬಂಡೆಯಲ್ಲಿ ಕಡೆದ ನಂದಿಯಿದೆ, ಅದರ ಸುತ್ತ ಇಕ್ಕಟ್ಟಾದ ಪ್ರದಕ್ಷಿಣೆಯ ಜಾಗ. ಇನ್ನೂ ಮೇಲೆ ಶಾಂತಲಾ ಡ್ರಾಪ್ ಎಂದು ಕರೆಯುವ ಅಂಚು. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ, ಇಲ್ಲಿಂದ ಹಾರಿದಳೆಂಬುದು ಜನರ ಬಾಯಲ್ಲಿ ಉಳಿದ ಕಥೆ. ಗಾಳಿ ಇಲ್ಲಿ ಇದ್ದಕ್ಕಿದ್ದಂತೆ ಬೀಸುತ್ತದೆ, ಫೋಟೊಗಾಗಿ ಕಂಬಿಯಾಚೆ ಕಾಲಿಡಬೇಡಿ. ಕುಮುದ್ವತಿ ನದಿ ಹುಟ್ಟುವುದು ಈ ಬೆಟ್ಟದಲ್ಲೇ. ಇದರ ನೀರು ಬೆಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಸೇರುತ್ತದೆ. ಇಷ್ಟು ತಿಳಿದು ಹತ್ತಿದವರು ಮೇಲೆ ಖಾಲಿ ಬಾಟಲಿ ಬಿಟ್ಟು ಬರಲಾರರು.

ಇಳಿಯುವಾಗ ಮೊಣಕಾಲಿಗೆ ಪೆಟ್ಟು ಜಾಸ್ತಿ. ಹೊರಡುವ ಮುನ್ನ ಶೂ ದಾರ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಕಾಲು ಮುಂದೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಕಡಿದಾದ ಮೆಟ್ಟಿಲಿನಲ್ಲಿ ಪಾದ ಅಡ್ಡ ಇಟ್ಟು ಇಳಿಯಿರಿ, ಕಾಲು ಗಟ್ಟಿ ಇರುವವರು ಕೆಳಗಿನ ಮೆಟ್ಟಿಲಿನಲ್ಲಿರಲಿ. ಮಳೆ ಬಿದ್ದ ಬಂಡೆಗೆ ಹೋಗಲೇಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಬರುವುದುಂಟು, ಹತ್ತೂವರೆಗೆಲ್ಲ ಕೆಳಗಿರಿ. ಸಂಕ್ರಾಂತಿಯ ಗಿರಿಜಾ ಕಲ್ಯಾಣದ ಹೊತ್ತಿನಲ್ಲಿ ಜನಸಾಗರ, ಅದಕ್ಕೆಂದೇ ಹೋಗುವವರು ಹೋಗಿ, ಬೆಟ್ಟ ಹತ್ತಲೆಂದು ಹೋಗುವವರು ಬೇರೆ ವಾರ ನೋಡಿಕೊಳ್ಳಿ.

ಮಧ್ಯಾಹ್ನದಿಂದ ರಾತ್ರಿ: ಹಿಟ್ಟು

ಹನ್ನೆರಡೂವರೆ, ಒಂದಕ್ಕೆ ಮನೆ. ಇಲ್ಲಿಂದ ಮುಂದಿನದು ತಿಂಗಳ ಮೇಲೆ ನಿಂತಿದೆ. ನಮಗೆ ಬೇಕಿರುವುದು ಭಾನುವಾರ ಬೆಳಿಗ್ಗೆ ಏಳೂವರೆಗೆ ಉಬ್ಬಿ ನಿಂತ ಹಿಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುವಾಗ ಹಿಟ್ಟಿಗೆ ಹದಿನಾಲ್ಕು ಗಂಟೆಯಾದರೂ ಬೇಕು. ಮನೆಗೆ ಬಂದ ಕೂಡಲೇ ಉದ್ದು ನೆನೆಸಿ ನಾಲ್ಕಕ್ಕೆ ರುಬ್ಬಿ. ಮಳೆಗಾಲದಲ್ಲಿ ಹತ್ತು ಹನ್ನೆರಡು ಗಂಟೆ, ಏಳಕ್ಕೆ ರುಬ್ಬಿದರೆ ಸರಿ. ಮಾರ್ಚಿಯಿಂದ ಮೇವರೆಗೆ ಎಂಟರಿಂದ ಹತ್ತು ಗಂಟೆ ಸಾಕು, ನಾಲ್ಕೂವರೆಗೆ ಉದ್ದು ನೆನೆಸಿ ರಾತ್ರಿ ಎಂಟೂವರೆಗೆ ರುಬ್ಬಿ. ಆಗ ಬೆಳಿಗ್ಗೆ ನೆನೆಸಿದ ಅಕ್ಕಿಯ ನೀರನ್ನು ಮಧ್ಯಾಹ್ನ ಬಂದ ಕೂಡಲೇ ಬದಲಾಯಿಸಿ ಫ್ರಿಜ್ಜಿನಲ್ಲಿಡಿ.

ಮೂರು ಲೋಟ ಅಕ್ಕಿಗೆ ಒಂದು ಲೋಟ ಇಡಿ ಉದ್ದಿನ ಗುಂಡು, ಅದರ ಜೊತೆಯಲ್ಲೇ ನೆನೆಯಲು ಒಂದು ಚಮಚ ಮೆಂತ್ಯ. ರುಬ್ಬುವ ಹದಿನೈದು ನಿಮಿಷ ಮೊದಲು ಅರ್ಧ ಲೋಟ ಗಟ್ಟಿ ಅವಲಕ್ಕಿ ತೊಳೆದು ನೆನೆಹಾಕಿ. ಮೊದಲು ಉದ್ದು. ಫ್ರಿಜ್ಜಿನ ತಣ್ಣೀರನ್ನು ಎರಡೆರಡು ಚಮಚದಂತೆ ಹಾಕುತ್ತ ಗ್ರೈಂಡರಿನಲ್ಲಿ ಇಪ್ಪತ್ತೈದು ನಿಮಿಷ, ಒಟ್ಟು ಒಂದೂಕಾಲು ಲೋಟ ನೀರು ಕುಡಿಯುತ್ತದೆ. ಒಮ್ಮೆಲೇ ನೀರು ಸುರಿದರೆ ಉದ್ದು ಕಲ್ಲಿನಡಿ ಸಿಗದೆ ಜಾರುತ್ತದೆ, ಗಾಳಿ ತುಂಬಿಕೊಳ್ಳುವುದಿಲ್ಲ. ಹದ ನೋಡುವುದು ಹೀಗೆ: ಒಂದು ಬಟ್ಟಲು ನೀರಿಗೆ ಚಿಟಿಕೆಯಷ್ಟು ಹಿಟ್ಟು ಬಿಡಿ, ಬೆಣ್ಣೆಯುಂಡೆಯಂತೆ ತೇಲಬೇಕು. ಮುಳುಗಿದರೆ ಇನ್ನೈದು ನಿಮಿಷ. ಆಮೇಲೆ ಅಕ್ಕಿ, ಅವಲಕ್ಕಿ ಸೇರಿಸಿ ಇಪ್ಪತ್ತು ನಿಮಿಷ, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆ ಸಿಗುವ ಹದ. ನುಣ್ಣಗಾದರೆ ಇಡ್ಲಿ ಅಂಟುತ್ತದೆ. ಮಿಕ್ಸಿಯಲ್ಲಾದರೆ ಎರಡು ಮೂರು ಕಂತು, ಒಂದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಹಿಟ್ಟು ಮುಟ್ಟಿ ಬೆಚ್ಚಗಾಗಿದ್ದರೆ ತಣಿಯಲು ಬಿಡಿ. ಮಿಕ್ಸಿಯ ಬಿಸಿಗೆ ಸಿಕ್ಕಿದ ಉದ್ದು ಅರ್ಧ ಬೆಂದಂತಾಗಿ ಉಬ್ಬಲು ಸೋಲುತ್ತದೆ.

ಎರಡನ್ನೂ ಪಾತ್ರೆಗೆ ಹಾಕಿ ಎರಡೂವರೆ ಚಮಚ ಉಪ್ಪಿನೊಂದಿಗೆ ಕೈಯಲ್ಲೇ ಎರಡು ನಿಮಿಷ ಕಲಸಿ. ಪಾತ್ರೆ ಐದು ಲೀಟರಿನದಾಗಿರಲಿ, ಹಿಟ್ಟು ಅರ್ಧ ಪಾತ್ರೆ ಮೀರಬಾರದು, ಮುಚ್ಚಳ ಸಡಿಲವಾಗಿ ಇಡಿ. ಅಡುಗೆಕಟ್ಟೆಯ ಮೇಲೆ ರಾತ್ರಿ ಹರಿದು ಚೆಲ್ಲಿದ ಹಿಟ್ಟು ಬೆಳಿಗ್ಗೆ ಒಣಗಿ ಗಾರೆಯಂತೆ ಹಿಡಿದುಕೊಂಡಿರುತ್ತದೆ. ಚಳಿಗಾಲದಲ್ಲಿ ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿಯೊಂದನ್ನು ಇಡಿ. ಸೋಡಾಪುಡಿ ಹಾಕಿ ಉಬ್ಬಿಸಿದರೆ ಇಡ್ಲಿ ಎದ್ದು ಕಾಣುತ್ತದೆಯೇ ಹೊರತು ಹುಳಿಯ ಪರಿಮಳ ಬರುವುದಿಲ್ಲ. ಹಿಟ್ಟನ್ನು ಉಬ್ಬಿಸಿ ಹುಳಿ ತರುವುದು ಉದ್ದು ಅಕ್ಕಿಯಲ್ಲೇ ಇರುವ ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳು. ಅವಕ್ಕೆ ಬೇಕಿರುವುದು ಬೆಚ್ಚಗಿನ ಜಾಗ ಮತ್ತು ಸಮಯ.

ರುಬ್ಬಿದ ಕೂಡಲೇ ಗ್ರೈಂಡರಿಗೆ ಎರಡು ಲೋಟ ನೀರು ಹಾಕಿ ಅರ್ಧ ನಿಮಿಷ ತಿರುಗಿಸಿ. ಆ ನೀರನ್ನು ಚೆಲ್ಲದೆ ಹತ್ತು ಪಟ್ಟು ನೀರಿಗೆ ಬೆರೆಸಿ ಗಿಡಗಳ ಬುಡಕ್ಕೆ ಹಾಕಬಹುದು. ಉಪ್ಪು ಬೆರೆತ ಪಾತ್ರೆಯ ನೀರು ಮಾತ್ರ ಗಿಡಕ್ಕೆ ಬೇಡ.

ಭಾನುವಾರ

ಉಬ್ಬಿದ ಹಿಟ್ಟನ್ನು ಕಲಕಬೇಡಿ. ಮೇಲಿನಿಂದ ಸೌಟಿನಲ್ಲಿ ಎತ್ತಿ ಎಣ್ಣೆ ಸವರಿದ ತಟ್ಟೆಗೆ ಹಾಕಿ. ಪಾತ್ರೆಯ ನೀರು ಕುದಿದ ಮೇಲೆ ತಟ್ಟೆ ಇಳಿಸಿ, ಹನ್ನೊಂದು ಹನ್ನೆರಡು ನಿಮಿಷ ಹಬೆ, ತೆಗೆದ ಮೇಲೆ ಐದು ನಿಮಿಷ ಬಿಟ್ಟು ಒದ್ದೆ ಚಮಚದಲ್ಲಿ ಬಿಡಿಸಿ. ಇಡ್ಲಿ ಗಟ್ಟಿಯಾದರೆ ಉದ್ದು ಹಳೆಯದು ಅಥವಾ ರುಬ್ಬಿದ್ದು ಸಾಲದು. ಚಪ್ಪಟೆಯಾದರೆ ಹಿಟ್ಟು ನೀರಾಗಿದೆ, ಅಂದಿಗೆ ದೋಸೆ ಹುಯ್ದುಬಿಡಿ. ನಡುವೆ ಹಸಿಯಾಗಿದ್ದರೆ ನೀರು ಕುದಿಯುವ ಮುನ್ನವೇ ಇಟ್ಟಿದ್ದೀರಿ.

ಉಳಿದ ಹಿಟ್ಟು ಫ್ರಿಜ್ಜಿಗೆ. ಸೋಮವಾರ, ಮಂಗಳವಾರ ಸ್ವಲ್ಪ ನೀರು, ಅರ್ಧ ಚಮಚ ಸಕ್ಕರೆ ಬೆರೆಸಿ ದೋಸೆ, ಸಕ್ಕರೆ ಬಣ್ಣಕ್ಕೆ. ಬುಧವಾರಕ್ಕೆ ಹುಳಿ ಹೆಚ್ಚಾಗಿರುತ್ತದೆ, ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಹೆಚ್ಚಿ ಹಾಕಿ ಪಡ್ಡು ಮಾಡಿ.

ತಿಂಡಿಯಾದ ಮೇಲೆ ಬಾಲ್ಕನಿ. ಅರ್ಧ ಗಂಟೆ ಸಾಕು. ಅಡುಗೆಮನೆಯ ಮೆಂತ್ಯವೇ ಬೀಜ, ಶನಿವಾರ ರಾತ್ರಿ ಮೂರು ದೊಡ್ಡ ಚಮಚ ನೆನೆಸಿಡಿ. ಒಂದೂವರೆ ಅಡಿ ಉದ್ದ, ಅರ್ಧ ಅಡಿ ಆಳದ ಟ್ರೇ, ತಳದಲ್ಲಿ ಐದಾರು ತೂತು. ಕೆಂಪು ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಸಮಸಮ. ಬೀಜ ಹರಡಿ, ಅರ್ಧ ಸೆಂಟಿಮೀಟರ್ ಮಣ್ಣು ಉದುರಿಸಿ, ನೀರನ್ನು ಕೈಯಿಂದ ಚಿಮುಕಿಸಿ. ಚೆಂಬಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ. ಮೂರು ನಾಲ್ಕು ದಿನಕ್ಕೆ ಮೊಳಕೆ, ಮೂರು ವಾರ ದಾಟಿದ ಮೇಲೆ ಕೊಯ್ಲು. ಸಸಿ ಬಡಕಲಾಗಿ ಒಂದೇ ಕಡೆ ಬಾಗಿದರೆ ಬೆಳಕು ಸಾಲದು, ಬುಡ ಕೊಳೆತು ಮಲಗಿದರೆ ನೀರು ಹೆಚ್ಚು. ಕೊತ್ತಂಬರಿಗೆ ಧನಿಯಾ ಕಾಳನ್ನು ಅಂಗೈಯಲ್ಲಿ ಒತ್ತಿ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು, ಎದ್ದು ಬರಲು ಹತ್ತು ದಿನವಾದರೂ ಹಿಡಿಯುತ್ತದೆ. ಎರಡು ಟ್ರೇ ಇಟ್ಟುಕೊಂಡು ಹದಿನೈದು ದಿನಕ್ಕೊಂದರಂತೆ ಬಿತ್ತಿದರೆ ಒಂದು ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ.

ಸಂಜೆ ಕಾಫಿಯ ಹೊತ್ತಿಗೆ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಿ. ಮುಂದಿನ ಶನಿವಾರಕ್ಕೆ ಒಂದು ಲೋಟ ಉದ್ದು, ಮೂರು ಲೋಟ ಅಕ್ಕಿ ಇದೆಯೇ ಎಂದು ಈ ಸಲ ನೋಡಬೇಕಾದವರು ಈ ವಾರ ಗಾಡಿಗೆ ಗಾಳಿ ಹಿಡಿಸಿದವರು.